ಸರ್ವಾಧಿಕಾರಿಗೆ ಸಿಂಫನಿ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹಳೇ ನ್ಯೂಸ್‌ರೀಲ್‌ನಿಂದ ಶುರು ಮಾಡೋಣ. 1942ರ ಏಪ್ರಿಲ್ 19, ಬರ್ಲಿನ್. ಮಾರನೇ ದಿನ ಹಿಟ್ಲರ್‌ನ ಹುಟ್ಟುಹಬ್ಬ. ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಬೀಥೋವನ್ ಅವರ ಒಂಬತ್ತನೇ ಸಿಂಫನಿ ನುಡಿಸಿ ಮುಗಿಸುತ್ತದೆ. ಚಪ್ಪಾಳೆ ನಡೆಯುತ್ತಿರುವಾಗಲೇ ಪ್ರಚಾರ ಸಚಿವ ಗೋಬೆಲ್ಸ್ ವೇದಿಕೆಯ ಹತ್ತಿರ ಬಂದು ಕೈ ಚಾಚುತ್ತಾನೆ. ಕಂಡಕ್ಟರ್ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬಾಗಿ ಕೈ ಕುಲುಕುತ್ತಾರೆ. ಆಮೇಲೆ ಕರವಸ್ತ್ರದಲ್ಲಿ ಆ ಕೈ ಒರೆಸಿಕೊಂಡ ಹಾಗೆ ಕಾಣುತ್ತದೆ. (ಈ ಪುಟದಲ್ಲಿ ಕಂಡಕ್ಟರ್ ಅಂದರೆ ಬಸ್ಸಿನವರಲ್ಲ, ಕೋಲು ಹಿಡಿದು ವಾದ್ಯವೃಂದ ನಡೆಸುವವರು. ಸಿಂಫನಿ ಅಂದರೆ ದೊಡ್ಡ ವಾದ್ಯವೃಂದಕ್ಕೆ ಬರೆದ ಉದ್ದನೆಯ ಕೃತಿ.)

ಆ ಕರವಸ್ತ್ರದ ಬಗ್ಗೆ ಜನ ಎಂಬತ್ತು ವರ್ಷದಿಂದ ಜಗಳವಾಡುತ್ತಿದ್ದಾರೆ. ಅದು ಅಸಹ್ಯವಾ, ಬರೀ ಬೆವರಾ? ನನಗೆ ಕುತೂಹಲ ಇರುವುದು ಬೇರೆ ಕಡೆ. ಕ್ಯಾಮೆರಾ ಸರಿಯಾಗಿ ಅಲ್ಲೇ ಕಾದು ನಿಂತಿತ್ತಲ್ಲ, ಅದರ ಬಗ್ಗೆ. ಈ ವಿಷಯದಲ್ಲಿ ಬರುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಸ್ವರದಲ್ಲಿ ಸಿಗುವುದಿಲ್ಲ. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ, ಕಾರ್ಯಕ್ರಮದ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಗಿದೆ ಅನ್ನುವುದರಲ್ಲಿ ಸಿಗುತ್ತದೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಯಾಕೆ? ಮೆರವಣಿಗೆಯ ಹಾಡು, ಸಿನಿಮಾ ಹಾಡು ಸಾಲದಾ?

ಅವನ್ನೂ ಬಳಸುತ್ತಾರೆ. ಆದರೆ ಅವುಗಳ ಕೆಲಸ ಬೇರೆ. ಮೆರವಣಿಗೆಯ ಹಾಡು ತನ್ನವರನ್ನು ಹುರಿದುಂಬಿಸುತ್ತದೆ. ಸಿಂಫನಿ ಹೊರಗಿನವರ ಬಾಯಿ ಮುಚ್ಚಿಸುತ್ತದೆ. "ಇಂಥ ಸಂಗೀತ ಕೇಳುವವರು ಅಷ್ಟೊಂದು ಕೆಟ್ಟವರಾಗಿರಲಿಕ್ಕಿಲ್ಲ" ಅಂತ ನಾವೇ ನಮಗೆ ಹೇಳಿಕೊಳ್ಳುತ್ತೇವೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತಾರಲ್ಲ, ಸರ್ವಾಧಿಕಾರಿಗೆ ಬೇಕಾಗಿರುವುದು ಆ ಸವಾರಿ.

ಇನ್ನೊಂದು ಕಾರಣ ದುಡ್ಡು. ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಕವಿಗೆ ಕಾಗದ, ಪೆನ್ನು ಸಾಕು. ಸಿಂಫನಿಗೆ ನೂರು ಜನರ ಸಂಬಳ, ದೊಡ್ಡ ಸಭಾಂಗಣ, ವರ್ಷಪೂರ್ತಿ ತಾಲೀಮು ಬೇಕು. ಅಷ್ಟು ಖರ್ಚನ್ನು ಟಿಕೆಟ್ ಮಾರಿ ತೂಗಿಸುವುದು ಕಷ್ಟ. ಬರ್ಲಿನ್ ಫಿಲ್ಹಾರ್ಮೊನಿಕ್ ಮೊದಲು ವಾದಕರೇ ಷೇರು ಹಿಡಿದಿದ್ದ ಸ್ವತಂತ್ರ ಕಂಪನಿಯಾಗಿತ್ತು. 1933ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದಿತ್ತು. 1934ರಲ್ಲಿ ನಾಜಿ ಸರ್ಕಾರ ಷೇರುಗಳನ್ನು ಕೊಂಡಿತು. ಸಂಬಳ ಸರಿಯಾಗಿ ಬರತೊಡಗಿತು. ಯುದ್ಧ ಶುರುವಾದಾಗ ವಾದಕರಿಗೆ ಸೈನ್ಯದ ಕರೆಯಿಂದ ವಿನಾಯಿತಿಯೂ ಸಿಕ್ಕಿತು. ಯಾರೂ ಪಿಸ್ತೂಲು ತೋರಿಸಿ ಆ ವಾದ್ಯವೃಂದವನ್ನು ಹಿಡಿಯಲಿಲ್ಲ.

ಮಾತೇ ಇಲ್ಲದ ಸಂಗೀತದಲ್ಲಿ ಪ್ರಚಾರ ಹೇಗೆ ಸಾಧ್ಯ?

ಮಾತಿಲ್ಲದ್ದರಿಂದಲೇ ಸಾಧ್ಯ. ಖಾಲಿ ಲಕೋಟೆ ಇದ್ದ ಹಾಗೆ. ಮೇಲೆ ಯಾರ ವಿಳಾಸ ಬರೆದರೂ ನಡೆಯುತ್ತದೆ.

1941ರ ಬೇಸಿಗೆಯಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಆಗ ರೇಡಿಯೊದಲ್ಲಿ ಪೂರ್ವ ರಣರಂಗದ ಗೆಲುವಿನ ಸುದ್ದಿಗೆ ಮೊದಲು ಒಂದು ತುತ್ತೂರಿ ಮೊಳಗುತ್ತಿತ್ತು. ಅದು ಫ್ರಾನ್ಜ್ ಲಿಸ್ಟ್ ಅವರ 'ಲೆ ಪ್ರೆಲ್ಯೂಡ್' ಕೃತಿಯ ತುಣುಕು. ಲಿಸ್ಟ್ ತೀರಿಕೊಂಡಿದ್ದು 1886ರಲ್ಲಿ. ಪಾಪ, ಅವರಿಗೂ ಈ ಯುದ್ಧಕ್ಕೂ ಏನು ಸಂಬಂಧ? ಆದರೆ ದಿನಾ ಕೇಳಿ ಕೇಳಿ, ಆ ಕೆಲವು ಸ್ವರ ಕಿವಿಗೆ ಬಿದ್ದರೆ ಸಾಕು, ಟ್ಯಾಂಕುಗಳು ಕಣ್ಣ ಮುಂದೆ ಬರುವ ಹಾಗಾಯಿತು. ಕೊನೆಗೆ 1945ರ ಮೇ 1ರಂದು ಅದೇ ರೇಡಿಯೊ ಹಿಟ್ಲರ್ ಸತ್ತ ಸುದ್ದಿ ಹೇಳುವ ಮುಂಚೆ ಬ್ರುಕ್ನರ್ ಅವರ ಏಳನೇ ಸಿಂಫನಿಯ ನಿಧಾನಗತಿಯ ಭಾಗವನ್ನು ಹಾಕಿತು.

ಬೀಥೋವನ್ ಅವರ ಒಂಬತ್ತನೆಯದರ ಪಾಡಂತೂ ಕೇಳಲೇಬೇಡಿ. ಅದರ ಕೊನೆಯಲ್ಲಿ ಮಾತೂ ಇದೆ, "ಎಲ್ಲ ಮನುಷ್ಯರೂ ಸೋದರರಾಗುತ್ತಾರೆ" ಅನ್ನುವ ಸಾಲು ಅದರಲ್ಲೇ ಬರುತ್ತದೆ. ಅದರ ರಾಗ ಇವತ್ತು ಯುರೋಪಿಯನ್ ಒಕ್ಕೂಟದ ಗೀತೆ. ಬಿಳಿಯರ ಆಳ್ವಿಕೆಯಲ್ಲಿದ್ದ ರೊಡೇಶಿಯಾ (ಇಂದಿನ ಜಿಂಬಾಬ್ವೆ) 1974ರಲ್ಲಿ ರಾಷ್ಟ್ರಗೀತೆ ಮಾಡಿಕೊಂಡಿದ್ದೂ ಅದೇ ರಾಗವನ್ನು, ಬೇರೆ ಮಾತು ಹಾಕಿ. ಕರಿಯರಿಗೆ ಸಮಾನ ಮತ ಕೊಡಲು ಒಪ್ಪದ ದೇಶ ಸೋದರತ್ವದ ರಾಗಕ್ಕೆ ಎದ್ದು ನಿಲ್ಲುತ್ತಿತ್ತು.

ಯಾರ ಸಂಗೀತ ನುಡಿಸಬೇಕು, ಯಾರದ್ದು ಬೇಡ ಅಂತ ಯಾರು ತೀರ್ಮಾನಿಸುತ್ತಿದ್ದರು?

ಜರ್ಮನಿಯಲ್ಲಿ ಅದಕ್ಕೆ 1933ರ ನವೆಂಬರ್‌ನಲ್ಲೇ ಒಂದು ಸಂಸ್ಥೆ ಕಟ್ಟಿದರು. ರೈಶ್ ಮ್ಯೂಸಿಕ್ ಕಾಮರ್, ಅಂದರೆ ಸಂಗೀತ ಮಂಡಳಿ. ಅದರ ಸದಸ್ಯತ್ವ ಇಲ್ಲದೆ ಸಂಗೀತದಲ್ಲಿ ಹೊಟ್ಟೆ ಹೊರೆಯುವ ಹಾಗಿಲ್ಲ. ಯೆಹೂದಿಗಳನ್ನು ಹೊರಗಿಡಲು ಬೇರೆ ಕಾನೂನೇ ಬೇಡ, ಸದಸ್ಯತ್ವ ಕೊಡದಿದ್ದರೆ ಆಯಿತು. ಹೊರಬಿದ್ದ ಕಲಾವಿದರು ತಮ್ಮದೇ ಸಂಘ ಕಟ್ಟಿಕೊಂಡು ಯೆಹೂದಿ ಪ್ರೇಕ್ಷಕರಿಗೆ ಮಾತ್ರ ಕಛೇರಿ ಕೊಡಬಹುದಿತ್ತು. ಬರಬರುತ್ತಾ ಅಲ್ಲೂ ಬೀಥೋವನ್ ನುಡಿಸಬೇಡಿ ಅಂತ ಅಪ್ಪಣೆಯಾಯಿತು. 1941ರಲ್ಲಿ ಆ ಸಂಘವನ್ನೇ ಮುಚ್ಚಿಸಿದರು.

1938ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ 'ಕೊಳೆತ ಸಂಗೀತ' ಅಂತ ಒಂದು ಪ್ರದರ್ಶನವನ್ನೇ ಇಟ್ಟರು. ಜಾಝ್, ಹೊಸ ಪ್ರಯೋಗಗಳು, ಯೆಹೂದಿಗಳ ರಚನೆ ಎಲ್ಲಾ ಅದರಲ್ಲಿ. ಇವನ್ನು ಕೇಳಿ ನಗಿ, ಉಗಿಯಿರಿ ಅಂತ.

ಸತ್ತವರನ್ನೂ ಬಿಡಲಿಲ್ಲ. ಲೈಪ್‌ಜಿಗ್‌ನಲ್ಲಿ ಮೆಂಡೆಲ್ಸನ್ ಅವರ ಪ್ರತಿಮೆ ಇತ್ತು. ಊರಿನ ವಾದ್ಯವೃಂದಕ್ಕೆ ಹೆಸರು ತಂದುಕೊಟ್ಟವರು ಅವರೇ. ಹುಟ್ಟಿನಿಂದ ಯೆಹೂದಿ ಅನ್ನುವ ಕಾರಣಕ್ಕೆ 1936ರ ನವೆಂಬರ್‌ನಲ್ಲಿ ಮೇಯರ್ ಕಾರ್ಲ್ ಗೋರ್ಡೆಲರ್ ಪ್ರವಾಸ ಹೋಗಿದ್ದ ಸಮಯ ನೋಡಿ ಪ್ರತಿಮೆ ಕಿತ್ತರು. ವಾಪಸ್ ಬಂದ ಮೇಯರ್ ಅದನ್ನು ಮತ್ತೆ ನಿಲ್ಲಿಸಲು ಹೆಣಗಾಡಿ, ಆಗದೆ ಹುದ್ದೆ ಬಿಟ್ಟರು. ಮುಂದೆ ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದು 1945ರಲ್ಲಿ ಮರಣದಂಡನೆಗೆ ಗುರಿಯಾದರು.

ಹ್ಯಾಂಡೆಲ್ ಅವರದ್ದು ಇನ್ನೊಂದು ತಾಪತ್ರಯ. ಮನುಷ್ಯ ಅಪ್ಪಟ ಜರ್ಮನ್, ಆದರೆ ಬರೆದ ಕೃತಿಗಳಲ್ಲಿ ತುಂಬಾ ಬೈಬಲ್ಲಿನ ಹಳೇ ಒಡಂಬಡಿಕೆಯ ಯೆಹೂದಿ ಕತೆಗಳು. ಪರಿಹಾರ? ಸ್ವರ ಇಟ್ಟುಕೊಂಡು ಮಾತು ಬದಲಾಯಿಸು. 'ಜೂಡಾಸ್ ಮಕ್ಕಬಿಯಸ್' ಅನ್ನುವ ಕೃತಿ 'ಸೇನಾಪತಿ' ಆಯಿತು. 'ಈಜಿಪ್ಟಿನಲ್ಲಿ ಇಸ್ರೇಲ್' ಹೋಗಿ 'ಮಂಗೋಲರ ಬಿರುಗಾಳಿ' ಬಂತು.

ನಾಜಿಗಳು ಜೋಹಾನ್ ಸ್ಟ್ರೌಸ್ ಅವರ ವಂಶದ ದಾಖಲೆ ತಿದ್ದಿದ್ದು ನಿಜವಾ?

ನಿಜ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಪ್ರಸಂಗ ಇದು, ಯಾಕೆಂದರೆ ಇಲ್ಲಿ ಸುಳ್ಳನ್ನು ಕೈಯಲ್ಲಿ ಹಿಡಿದು ನೋಡಬಹುದು.

'ಬ್ಲೂ ಡ್ಯಾನ್ಯೂಬ್' ಬರೆದ ಎರಡನೇ ಜೋಹಾನ್ ಸ್ಟ್ರೌಸ್ ಅವರ ವಾಲ್ಟ್ಜ್‌ಗಳೆಂದರೆ ಜರ್ಮನರಿಗೆ ಪ್ರಾಣ. ಆದರೆ ವಿಯೆನ್ನಾದ ಸೇಂಟ್ ಸ್ಟೀಫನ್ ಚರ್ಚಿನ ಮದುವೆ ಪುಸ್ತಕದಲ್ಲಿ 1762ರ ಒಂದು ನಮೂದು ಇತ್ತು. ಅವರ ಮುತ್ತಜ್ಜ ಮತಾಂತರವಾದ ಯೆಹೂದಿ ಅಂತ ಅದರಲ್ಲಿ ಬರೆದಿತ್ತು. ನಾಜಿ ಲೆಕ್ಕದಲ್ಲಿ ಇದು ಗೊತ್ತಾದರೆ ಫಜೀತಿ. ಸ್ಟ್ರೌಸ್ ಬೇಡ ಅಂದರೆ ಜನ ಸುಮ್ನಿರಲ್ಲ, ಬೇಕು ಅಂದರೆ ತಮ್ಮದೇ ಸಿದ್ಧಾಂತಕ್ಕೆ ಅವಮಾನ. ಸರಿ, ಆ ಪುಸ್ತಕವನ್ನೇ ಬರ್ಲಿನ್‌ಗೆ ತರಿಸಿಕೊಂಡರು. ನಕಲು ತೆಗೆದರು, ಆ ಒಂದು ನಮೂದು ಬಿಟ್ಟು. 1941ರಲ್ಲಿ ಆ ನಕಲಿಗೆ ಸರ್ಕಾರಿ ಮುದ್ರೆ ಒತ್ತಿ ಚರ್ಚಿಗೆ ವಾಪಸ್ ಕೊಟ್ಟು, ಅಸಲನ್ನು ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಅಸಲು ಹೊರಗೆ ಬಂತು. ಈ ವಿಷಯ ಹೊರಗೆ ಬಿಡಬೇಡಿ ಅಂತ ತಾನೇ ಹೇಳಿದ್ದನ್ನು ಗೋಬೆಲ್ಸ್ ಡೈರಿಯಲ್ಲೂ ಬರೆದುಕೊಂಡಿದ್ದ.

ಸ್ಟಾಲಿನ್‌ನ ದಾರಿ ಇದಕ್ಕಿಂತ ಬೇರೆಯಾಗಿತ್ತಾ?

ಬೇರೆ. ಹಿಟ್ಲರ್‌ಗೆ ಬೇಕಾಗಿದ್ದವರು ಬಹುಪಾಲು ಸತ್ತ ಸಂಗೀತಗಾರರು. ಸ್ಟಾಲಿನ್‌ಗೆ ಬದುಕಿರುವವರಿಂದ ಹೊಸ ಕೃತಿ ಬೇಕಿತ್ತು, ಅದೂ ಅವನಿಗೆ ಹಿಡಿಸುವಂಥದ್ದು.

ಡಿಮಿಟ್ರಿ ಶಾಸ್ತಕೋವಿಚ್ ಅವರ 'ಮ್ಸೆನ್ಸ್ಕ್‌ನ ಲೇಡಿ ಮ್ಯಾಕ್‌ಬೆತ್' ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) 1934ರಿಂದ ಎರಡು ವರ್ಷ ಭರ್ಜರಿಯಾಗಿ ಓಡಿತ್ತು. 1936ರ ಜನವರಿ 26ರಂದು ಸ್ಟಾಲಿನ್ ನೋಡಲು ಬಂದ. ಮುಗಿಯುವ ಮೊದಲೇ ಎದ್ದುಹೋದ. ಎರಡು ದಿನ ಬಿಟ್ಟು ಪಕ್ಷದ ಪತ್ರಿಕೆ 'ಪ್ರಾವ್ದಾ'ದಲ್ಲಿ ಲೇಖನ ಬಂತು. ತಲೆಬರಹ, 'ಸಂಗೀತದ ಬದಲು ಗೊಂದಲ'. ಅದಕ್ಕೆ ಬರೆದವರ ಹೆಸರಿರಲಿಲ್ಲ. ಹೆಸರಿಲ್ಲದ ಲೇಖನ ಅಂದರೆ ಅದು ಪಕ್ಷದ ಮಾತು ಅಂತ ಎಲ್ಲರಿಗೂ ಅರ್ಥವಾಗುತ್ತಿತ್ತು. ಆಗ ಶಾಸ್ತಕೋವಿಚ್ ಅವರಿಗೆ 29 ವರ್ಷ. ಗೆಳೆಯರು ದೂರ ಸರಿದರು. ತಾಲೀಮು ನಡೆಯುತ್ತಿದ್ದ ನಾಲ್ಕನೇ ಸಿಂಫನಿಯನ್ನು ವಾಪಸ್ ತೆಗೆದುಕೊಂಡರು. ಅದು ಜನರ ಕಿವಿಗೆ ಬಿದ್ದಿದ್ದು 1961ರಲ್ಲಿ! ಅವರ ಬೆನ್ನಿಗೆ ನಿಂತಿದ್ದ ಸೇನಾಧಿಕಾರಿ ತುಖಚೆವ್‌ಸ್ಕಿಯನ್ನು 1937ರಲ್ಲಿ ಗುಂಡಿಕ್ಕಿ ಕೊಂದರು.

ಅದೇ ವರ್ಷ ನವೆಂಬರ್‌ನಲ್ಲಿ ಐದನೇ ಸಿಂಫನಿ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ತುತ್ತೂರಿ, ನಗಾರಿ, ಜಯಘೋಷ ಎಲ್ಲಾ ಇದೆ, ಸರ್ಕಾರಕ್ಕೆ ಖುಷಿ. ಮೂರನೇ ಭಾಗದಲ್ಲಿ ಸಭೆಯಲ್ಲಿದ್ದವರು ಬಿಕ್ಕಿ ಬಿಕ್ಕಿ ಅತ್ತರು, ಚಪ್ಪಾಳೆ ಅರ್ಧ ಗಂಟೆಗೂ ಜಾಸ್ತಿ ನಡೆಯಿತು. ಆ ಕಾಲದಲ್ಲಿ ಬೀದಿಯಲ್ಲಿ ಅತ್ತರೆ ಅನುಮಾನ. ಕಛೇರಿಯಲ್ಲಿ ಅತ್ತರೆ ಯಾರು ಕೇಳುತ್ತಾರೆ?

1948ರಲ್ಲಿ ಮತ್ತೆ ಬಿತ್ತು ಪೆಟ್ಟು. ಪಕ್ಷದ ಸಂಸ್ಕೃತಿ ನೀತಿ ನೋಡಿಕೊಳ್ಳುತ್ತಿದ್ದ ಝ್ದಾನೊವ್ ಮುಂದೆ ನಿಂತು ಹೊರಡಿಸಿದ ನಿರ್ಣಯದಲ್ಲಿ ಶಾಸ್ತಕೋವಿಚ್, ಪ್ರೊಕೊಫಿಯೆವ್, ಖಚಟೂರಿಯನ್ ಎಲ್ಲರೂ 'ಫಾರ್ಮಲಿಸ್ಟ್'ಗಳು, ಅಂದರೆ ಜನರನ್ನು ಮರೆತು ರೂಪದ ಕಸರತ್ತಿಗೆ ಬಿದ್ದವರು ಅಂತ ಬೈಗುಳ. ಈ ಪದಕ್ಕೆ ಗಟ್ಟಿಯಾದ ಅರ್ಥ ಯಾವತ್ತೂ ಇರಲಿಲ್ಲ. ಅದೇ ಅದರ ಅನುಕೂಲ. ಮರುವರ್ಷ ನ್ಯೂಯಾರ್ಕ್‌ನ ಶಾಂತಿ ಸಮ್ಮೇಳನಕ್ಕೆ ಹೋಗಬೇಕು ಅಂತ ಸ್ಟಾಲಿನ್ ತಾನೇ ಶಾಸ್ತಕೋವಿಚ್ ಅವರಿಗೆ ಫೋನ್ ಮಾಡಿದ. ಇಲ್ಲಿ ನನ್ನ ಸಂಗೀತವನ್ನೇ ನಿಷೇಧಿಸಿದ್ದೀರಿ, ಅಲ್ಲಿ ಯಾವ ಮುಖ ಹೊತ್ತು ಹೋಗಲಿ ಅನ್ನುವ ಅರ್ಥದಲ್ಲಿ ಇವರು ಕೇಳಿದರು. ನಿಷೇಧ ಮಾಯವಾಯಿತು. ನ್ಯೂಯಾರ್ಕ್‌ನಲ್ಲಿ ಅವರು ಗೌರವಿಸುತ್ತಿದ್ದ ಸ್ಟ್ರಾವಿನ್‌ಸ್ಕಿಯನ್ನೇ ಖಂಡಿಸುವ ಭಾಷಣ ಅವರ ಹೆಸರಲ್ಲಿ ಓದಿಯಾಯಿತು. ಸೋವಿಯತ್ ಪತ್ರಿಕೆ ಹೇಳಿದ್ದನ್ನು ನೀವೂ ಒಪ್ಪುತ್ತೀರಾ ಅಂತ ಸಭೆಯಲ್ಲಿ ಒಬ್ಬರು ಕೇಳಿದಾಗ, ಒಪ್ಪುತ್ತೇನೆ ಅಂದರು. ಇನ್ನೇನು ಹೇಳಬಹುದಿತ್ತು?

ಲೆನಿನ್‌ಗ್ರಾದ್ ಸಿಂಫನಿಯನ್ನೂ ಪ್ರಚಾರ ಅನ್ನಬೇಕಾ?

ಅನ್ನಬೇಕು, ಆದರೆ ಬರೀ ಪ್ರಚಾರ ಅನ್ನಬಾರದು. ಶಾಸ್ತಕೋವಿಚ್ ಅವರ ಏಳನೆಯದು ಅದು. ಸ್ವರಲಿಪಿಯನ್ನು ಮೈಕ್ರೊಫಿಲ್ಮ್ ಮಾಡಿ ಟೆಹ್ರಾನ್, ಕೈರೊ ದಾರಿಯಲ್ಲಿ ಅಮೆರಿಕಕ್ಕೆ ಸಾಗಿಸಿದರು. 1942ರ ಜುಲೈನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಶಾಸ್ತಕೋವಿಚ್, ತಲೆಯ ಮೇಲೆ ಅಗ್ನಿಶಾಮಕದವರ ಹೆಲ್ಮೆಟ್. ಪ್ರಚಾರ ಅಂದರೆ ಇದಕ್ಕಿಂತ ಇನ್ನೇನು ಬೇಕು?

ಈಗ ಅದೇ ವರ್ಷ ಆಗಸ್ಟ್ 9ರ ಲೆನಿನ್‌ಗ್ರಾದ್ ನೋಡಿ. ಊರಿಗೆ ಮುತ್ತಿಗೆ ಬಿದ್ದು ಸುಮಾರು 11 ತಿಂಗಳಾಗಿದೆ. ರೇಡಿಯೊ ವಾದ್ಯವೃಂದದಲ್ಲಿ ಮೊದಲ ತಾಲೀಮಿಗೆ ಬರುವ ಸ್ಥಿತಿಯಲ್ಲಿದ್ದವರು ಸುಮಾರು 15 ಜನ. ಉಳಿದವರಲ್ಲಿ ಎಷ್ಟೋ ಮಂದಿ ಹಸಿವಿನಿಂದ ಸತ್ತಿದ್ದರು. ಊದುವವರಿಗೆ ಊದಲು ಉಸಿರಿಲ್ಲ. ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್ ಅವರೇ ನಿತ್ರಾಣ. ಸೈನ್ಯದ ಬ್ಯಾಂಡಿನವರನ್ನು ಕರೆಸಿ, ಒಂದಿಷ್ಟು ಹೆಚ್ಚು ಊಟ ಕೊಟ್ಟು ತಾಲೀಮು ಮಾಡಿಸಿದರು. ಕಛೇರಿ ನಡೆಯುವಾಗ ಸದ್ದಾಗಬಾರದು ಅಂತ ಸೋವಿಯತ್ ಫಿರಂಗಿಗಳು ಮೊದಲೇ ಜರ್ಮನ್ ಫಿರಂಗಿಗಳ ಬಾಯಿ ಮುಚ್ಚಿಸಿದವು. ಧ್ವನಿವರ್ಧಕ ಇಟ್ಟು ಶತ್ರುವಿಗೂ ಕೇಳಿಸಿದರು. ಸ್ಟಾಲಿನ್‌ಗೆ ಇದರಿಂದ ಲಾಭವಾಯಿತು, ಸರಿ. ಆದರೆ ಆವತ್ತು ಸಭಾಂಗಣದಲ್ಲಿ ಕೂತಿದ್ದವರು ಸ್ಟಾಲಿನ್‌ಗಾಗಿ ಬಂದಿದ್ದರು ಅಂತ ನಾನು ಒಪ್ಪಲಾರೆ.

ಚೀನಾದಲ್ಲಿ?

ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷ, 1966ರಿಂದ 76, ಪಾಶ್ಚಾತ್ಯ ಸಂಗೀತಕ್ಕೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಮಾವೊ ಹೆಂಡತಿ ಜಿಯಾಂಗ್ ಚಿಂಗ್ ಒಪ್ಪಿದ ಎಂಟು 'ಮಾದರಿ ಕೃತಿ'ಗಳನ್ನೇ ಮತ್ತೆ ಮತ್ತೆ ಆಡಿಸಿದರು. ತಮಾಷೆ ನೋಡಿ, ವಾದ್ಯಗಳನ್ನು ಬಿಡಲಿಲ್ಲ. ಪಿಟೀಲು, ಪಿಯಾನೊ ಎಲ್ಲಾ ಕ್ರಾಂತಿಯ ಸೇವೆಗೆ ಹಾಜರ್.

ಶಾಂಘೈ ಸಂಗೀತ ಶಾಲೆಯ ಮುಖ್ಯಸ್ಥ ಹೆ ಲೂಟಿಂಗ್ ಅವರನ್ನು 1968ರಲ್ಲಿ ಟೀವಿ ಕ್ಯಾಮೆರಾ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಕೇಳಿದರು. ತೋಳು ತಿರುಚಿ ಹಿಡಿದಿದ್ದರೂ ಅವರು ನೀವು ಹೇಳುತ್ತಿರುವುದು ಸುಳ್ಳು ಅಂತ ಕೂಗಿಬಿಟ್ಟರು. ನೇರ ಪ್ರಸಾರವಾಗಿದ್ದರಿಂದ ಊರೆಲ್ಲಾ ಕೇಳಿತು. ಕ್ಯಾಮೆರಾ ಇಟ್ಟವರ ಲೆಕ್ಕ ತಪ್ಪಿದ ಅಪರೂಪದ ಘಟನೆ ಇದು.

1973ರಲ್ಲಿ ಅಮೆರಿಕದ ಜೊತೆ ಸ್ನೇಹ ಬೇಕಾದಾಗ ಫಿಲಡೆಲ್ಫಿಯಾ ವಾದ್ಯವೃಂದವನ್ನು ಕರೆಸಿ, ಬೀಥೋವನ್ ಅವರ ಆರನೆಯದೇ ಬೇಕು ಅಂತ ಪಟ್ಟು ಹಿಡಿದು ನುಡಿಸಿಕೊಂಡರು. ಮರುವರ್ಷ ಅದೇ ಬೀಥೋವನ್ ಪತ್ರಿಕೆಗಳಲ್ಲಿ ಬೈಸಿಕೊಂಡರು.

ಟೀವಿಯಲ್ಲಿ 'ಸ್ವಾನ್ ಲೇಕ್' (ಹಂಸಗಳ ಕತೆಯ ಬ್ಯಾಲೆ ನೃತ್ಯ) ಬಂದರೆ ರಷ್ಯನ್ನರು ಯಾಕೆ ಗಾಬರಿಯಾಗುತ್ತಾರೆ?

1982, 84, 85ರಲ್ಲಿ ಸೋವಿಯತ್ ನಾಯಕರಾದ ಬ್ರೆಜ್ನೆವ್, ಆಂದ್ರೊಪೊವ್, ಚೆರ್ನೆಂಕೊ ಒಬ್ಬರ ಹಿಂದೊಬ್ಬರು ಸತ್ತಾಗ ಟೀವಿಯ ಮಾಮೂಲಿ ಕಾರ್ಯಕ್ರಮ ನಿಲ್ಲಿಸಿ ಬ್ಯಾಲೆ, ಸಿಂಫನಿ ಹಾಕಿದರು. 1991ರ ಆಗಸ್ಟ್ 19ರಂದು ಗೋರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆದಾಗ ಬೀದಿಯಲ್ಲಿ ಟ್ಯಾಂಕು, ಪರದೆಯ ಮೇಲೆ ಹಂಸಗಳು. ಅಲ್ಲಿಂದ ಅದು ಎಲ್ಲರಿಗೂ ಅರ್ಥವಾಗುವ ಸಂಕೇತ ಆಯಿತು. 2022ರ ಮಾರ್ಚ್‌ನಲ್ಲಿ ಸ್ವತಂತ್ರ ಚಾನೆಲ್ 'ದೋಝ್ದ್' ಬಾಗಿಲು ಮುಚ್ಚುವಾಗ ಕೊನೆಗೆ ತೋರಿಸಿದ್ದು ಇದನ್ನೇ. ಸರ್ಕಾರದ ಮುಚ್ಚಳವನ್ನು ಸರ್ಕಾರದ ಕಡೆಗೇ ತಿರುಗಿಸಿ ಎಸೆದರು.

ಟೆರೆಜಿನ್ ಶಿಬಿರದ ಮಕ್ಕಳ ಒಪೆರಾ ಏನದು?

'ಬ್ರುಂಡಿಬಾರ್'. ಬರೆದವರು ಹಾನ್ಸ್ ಕ್ರಾಸಾ. ನಾಜಿಗಳ ಆ ಶಿಬಿರದಲ್ಲಿ ಮಕ್ಕಳು ಇದನ್ನು 50ಕ್ಕೂ ಹೆಚ್ಚು ಸಲ ಆಡಿದರು. ಆಡುವವರ ಪಟ್ಟಿ ಬದಲಾಗುತ್ತಲೇ ಇತ್ತು, ಯಾಕೆಂದರೆ ಮಕ್ಕಳನ್ನು ಆಶ್‌ವಿಟ್ಜ್ ಸಾವಿನ ಶಿಬಿರದ ರೈಲಿಗೆ ಹತ್ತಿಸುತ್ತಿದ್ದರು. 1944ರ ಜೂನ್ 23ರಂದು ರೆಡ್ ಕ್ರಾಸ್‌ನವರು ಬಂದಾಗ ಶಿಬಿರಕ್ಕೆ ಬಣ್ಣ ಬಳಿದು, ಹೂಗಿಡ ನೆಟ್ಟು, ಈ ಒಪೆರಾ ತೋರಿಸಿದರು. ಬಂದವರು ನಂಬಿ ಹೋದರು. ಅದನ್ನೇ ಪ್ರಚಾರದ ಸಿನಿಮಾಕ್ಕೂ ಚಿತ್ರೀಕರಿಸಿದರು. ಅಕ್ಟೋಬರ್‌ನಲ್ಲಿ ಕ್ರಾಸಾ ಅವರನ್ನೂ ರೈಲಿಗೆ ಹತ್ತಿಸಿದರು.

ಇದರ ಬಗ್ಗೆ ಇನ್ನು ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ಇದೆಲ್ಲ ಹಳೇ ಕತೆ. ಈಗಲೂ ನಡೆಯುತ್ತಾ?

2016ರ ಮೇ 5. ಸಿರಿಯಾದ ಪಾಲ್ಮೈರಾದಲ್ಲಿ ರೋಮನ್ನರ ಕಾಲದ ಬಯಲು ರಂಗಮಂದಿರ. ಹಿಂದಿನ ವರ್ಷ ಐಸಿಸ್ ಸೆರೆಸಿಕ್ಕವರನ್ನು ಅದೇ ವೇದಿಕೆಯಲ್ಲಿ ಸಾಲಾಗಿ ಕೂರಿಸಿ ಕೊಂದಿತ್ತು. ರಷ್ಯಾದ ನೆರವಿನಿಂದ ಊರು ಸರ್ಕಾರದ ಕೈಗೆ ಬಂದ ಕೆಲವೇ ವಾರಗಳಲ್ಲಿ ರಷ್ಯಾದ ಕಂಡಕ್ಟರ್ ವಲೇರಿ ಗೆರ್ಗಿಯೆವ್ ತಮ್ಮ ಮಾರಿನ್‌ಸ್ಕಿ ವಾದ್ಯವೃಂದ ಕರೆತಂದು ಬಾಖ್, ಪ್ರೊಕೊಫಿಯೆವ್ ನುಡಿಸಿದರು. ಚೆಲ್ಲೊ ನುಡಿಸಿದವರು ಪುಟಿನ್ ಅವರ ಹಳೇ ಗೆಳೆಯ ರೊಲ್ದುಗಿನ್. ಒಂದು ತಿಂಗಳ ಹಿಂದಷ್ಟೇ, ವಿದೇಶಿ ಕಂಪನಿಗಳಲ್ಲಿ ಬಚ್ಚಿಟ್ಟ ಹಣದ ದಾಖಲೆಗಳು ಸೋರಿಕೆಯಾದ ಪನಾಮಾ ಪೇಪರ್ಸ್‌ನಲ್ಲಿ ಅವರ ಹೆಸರು ಬಂದಿತ್ತು. ಪುಟಿನ್ ವಿಡಿಯೊ ಮೂಲಕ ಮಾತಾಡಿದರು. ಅದೇ ದಿನ ಇಡ್ಲಿಬ್ ಕಡೆಯ ಒಂದು ನಿರಾಶ್ರಿತರ ಶಿಬಿರದ ಮೇಲೆ ಬಾಂಬ್ ಬಿತ್ತು. ನಾವಲ್ಲ ಅಂದರು ರಷ್ಯಾ, ಸಿರಿಯಾ ಎರಡೂ. ಡಿಸೆಂಬರ್‌ನಲ್ಲಿ ಪಾಲ್ಮೈರಾ ಮತ್ತೆ ಐಸಿಸ್ ಪಾಲಾಯಿತು. ಆಗ ಯಾರೂ ಕಛೇರಿ ಮಾಡಲಿಲ್ಲ.

ವೆನೆಜುವೆಲಾದ 'ಎಲ್ ಸಿಸ್ಟೆಮಾ' ಕತೆ ಇನ್ನೂ ತೊಡಕಿನದು. ಬಡ ಮಕ್ಕಳಿಗೆ ವಾದ್ಯ ಕಲಿಸಲು 1975ರಲ್ಲಿ ಶುರುವಾದ, ನಿಜಕ್ಕೂ ಒಳ್ಳೆಯ ಯೋಜನೆ ಅದು. ಸರ್ಕಾರದ ದುಡ್ಡಿನ ಮೇಲೇ ನಿಂತಿದ್ದರಿಂದ ಚಾವೆಸ್, ಮಡುರೊ ಕಾಲದಲ್ಲಿ ಅದು ಆಳುವವರ ಹೆಮ್ಮೆಯ ಫೋಟೊ ಆಯಿತು. ಅಲ್ಲೇ ಕಲಿತು ಜಗತ್ತಿಗೇ ಹೆಸರಾದ ಕಂಡಕ್ಟರ್ ಗುಸ್ತಾವೊ ದುದಮೆಲ್ ಬಹುಕಾಲ ಸುಮ್ಮನಿದ್ದರು. 2017ರ ಮೇನಲ್ಲಿ ಪ್ರತಿಭಟನೆಯ ವೇಳೆ ಅದೇ ಯೋಜನೆಯ 18 ವರ್ಷದ ವಯೋಲಾ ವಾದಕ ಸತ್ತಾಗ ಬಾಯಿ ಬಿಟ್ಟರು. ಕೆಲವೇ ತಿಂಗಳಲ್ಲಿ ಅವರು ನಡೆಸಬೇಕಿದ್ದ ಯುವ ವಾದ್ಯವೃಂದದ ಅಮೆರಿಕ ಪ್ರವಾಸ ರದ್ದಾಯಿತು.

ಕಲಾವಿದರು ಬೇಡ ಅನ್ನಬಹುದಿತ್ತಲ್ವಾ?

ಕೆಲವರು ಅಂದರು. ಇಟಲಿಯ ಕಂಡಕ್ಟರ್ ತೊಸ್ಕನೀನಿ 1931ರಲ್ಲಿ ಬೊಲೊನ್ಯಾದಲ್ಲಿ ಫ್ಯಾಸಿಸ್ಟರ ಗೀತೆ ನುಡಿಸಲ್ಲ ಅಂದಾಗ ಸಭಾಂಗಣದ ಹೊರಗೆ ಏಟು ತಿಂದರು. 1933ರಲ್ಲಿ ಹಿಟ್ಲರ್ ಮೆಚ್ಚಿನ ಬೈರಾಯ್ಟ್ ಉತ್ಸವಕ್ಕೂ ಹೋಗಲಿಲ್ಲ. ಆದರೆ ಅವರಿಗೆ ಅಮೆರಿಕದಲ್ಲಿ ಕೆಲಸ ಕಾದಿತ್ತು ಅನ್ನುವುದನ್ನೂ ನೆನಪಿಡಬೇಕು. ಉಕ್ರೇನಿನ ಖೆರ್ಸಾನ್‌ನ ಕಂಡಕ್ಟರ್ ಯೂರಿ ಕೆರ್ಪಟೆಂಕೊ ಅವರಿಗೆ ಆ ಅನುಕೂಲ ಇರಲಿಲ್ಲ. 2022ರಲ್ಲಿ ರಷ್ಯಾ ಹಿಡಿತದಲ್ಲಿದ್ದ ಊರಿನ ಕಛೇರಿಗೆ ಬರಲ್ಲ ಅಂದಿದ್ದಕ್ಕೆ ಮನೆಯಲ್ಲೇ ಗುಂಡಿಟ್ಟು ಕೊಂದರು ಅಂತ ಉಕ್ರೇನಿನ ಸಂಸ್ಕೃತಿ ಸಚಿವಾಲಯ ತಿಳಿಸಿತು.

ರಿಷರ್ಡ್ ಸ್ಟ್ರೌಸ್ (ವಾಲ್ಟ್ಜ್ ಮನೆತನಕ್ಕೂ ಇವರಿಗೂ ನಂಟಿಲ್ಲ) ಸಂಗೀತ ಮಂಡಳಿಯ ಅಧ್ಯಕ್ಷರಾಗಿ ಕೂತರು. ತಮ್ಮ ಒಪೆರಾಕ್ಕೆ ಮಾತು ಬರೆದ ಯೆಹೂದಿ ಲೇಖಕ ಸ್ಟೆಫಾನ್ ಝ್ವೈಗ್ ಅವರಿಗೆ ಬರೆದ ಕಾಗದ ನಾಜಿ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಸಿಕ್ಕಿ 1935ರಲ್ಲಿ ಕುರ್ಚಿ ಹೋಯಿತು. ಅವರ ಸೊಸೆ ಯೆಹೂದಿ, ಮೊಮ್ಮಕ್ಕಳ ಜೀವದ ಪ್ರಶ್ನೆ. ಮರುವರ್ಷ ಬರ್ಲಿನ್ ಒಲಿಂಪಿಕ್ಸ್‌ಗೆ ತಾವು ಬರೆದ ಗೀತೆಯನ್ನು ತಾವೇ ನಿಂತು ನಡೆಸಿಕೊಟ್ಟರು. ಅಡಕತ್ತರಿಯ ಅಡಿಕೆ ಅನ್ನೋಣ ಅಂದರೆ, ಮೊದಲು ಒಳಗೆ ಹೋಗಿ ಕೂತಿದ್ದು ಅವರೇ.

ಪ್ರಜಾಪ್ರಭುತ್ವಗಳು ಇಂಥದ್ದನ್ನು ಮಾಡಲ್ವಾ?

ಮಾಡುತ್ತವೆ. ಶೀತಲ ಸಮರದಲ್ಲಿ ಅಮೆರಿಕದ ಸಿಐಎ ಗುಟ್ಟಾಗಿ ದುಡ್ಡು ಕೊಟ್ಟ ಸಂಸ್ಥೆಯೊಂದು 1952ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಸಂಗೀತೋತ್ಸವ ನಡೆಸಿತು. ದುಡ್ಡಿನ ಮೂಲ ಪತ್ರಿಕೆಗಳಲ್ಲಿ ಬಯಲಾಗಿದ್ದು 1960ರ ದಶಕದಲ್ಲಿ. ವ್ಯತ್ಯಾಸ ಇರುವುದು ಇಲ್ಲೇ. ಬಯಲು ಮಾಡಿದ ಪತ್ರಕರ್ತರು ಜೈಲಿಗೆ ಹೋಗಲಿಲ್ಲ.

ಹಾಗಾದರೆ ವಿಯೆನ್ನಾದ ಹೊಸ ವರ್ಷದ ಕಛೇರಿಯನ್ನೂ ಕೇಳಬಾರದಾ?

ಕೇಳಿ, ನಾನೂ ಕೇಳುತ್ತೇನೆ. ಅದರ ಮೊದಲ ಕಛೇರಿ ನಡೆದಿದ್ದು 1939ರ ಡಿಸೆಂಬರ್ 31ರಂದು, ನಾಜಿ ಆಳ್ವಿಕೆಯಲ್ಲಿ, ಬಂದ ಹಣ ಅವರ ಯುದ್ಧಕಾಲದ ಚಳಿಗಾಲ ನಿಧಿಗೆ ಅಂತ ಗೊತ್ತಿದ್ದು ಕೇಳಿ. ಹಿಟ್ಲರ್ ಆರಾಧಿಸುತ್ತಿದ್ದ ಸಂಗೀತಗಾರ ವಾಗ್ನರ್ ಬಗ್ಗೆಯೂ ಇದೇ ಉತ್ತರ. ಆದರೆ ಶಿಬಿರಗಳಿಂದ ಬದುಕಿ ಬಂದವರು ವಾಗ್ನರ್ ಬೇಡ ಅಂದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಎಲ್ಲಿಂದ ಕೇಳಲು ಶುರು ಮಾಡಲಿ?

ಶಾಸ್ತಕೋವಿಚ್ ಅವರ ಐದನೆಯದರ ಕೊನೆಯ ಕೆಲವು ನಿಮಿಷದಿಂದ. ಲೆನರ್ಡ್ ಬರ್ನ್‌ಸ್ಟೈನ್ 1959ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಜೊತೆ ಮಾಡಿದ ರೆಕಾರ್ಡಿಂಗ್ ಮೊದಲು ಹಾಕಿ. ಕೊನೆ ಭಾಗ ಕುದುರೆ ಥರ ಓಡುತ್ತದೆ, ಎದ್ದು ಕುಣಿಯಬೇಕು ಅನಿಸುತ್ತದೆ. ಆಮೇಲೆ ನಿಧಾನವಾಗಿ ನುಡಿಸಿದ ರಷ್ಯನ್ ರೆಕಾರ್ಡಿಂಗ್ ಯಾವುದಾದರೂ ಹುಡುಕಿ. ಅದೇ ಸ್ವರಗಳು, ಅದೇ ತುತ್ತೂರಿ. ಪಿಟೀಲಿನವರು ಒಂದೇ ಸ್ವರವನ್ನು ಬಿಡದೆ ಉಜ್ಜುತ್ತಿರುತ್ತಾರೆ, ನಗಾರಿ ಬೀಳುತ್ತಿರುತ್ತದೆ. ಈ ಸಲ ಅದು ಯಾರೋ ಹಿಂದೆ ನಿಂತು, ಖುಷಿಪಡು, ಖುಷಿಪಡು ಅಂತ ಬೆನ್ನಿಗೆ ಗುದ್ದುತ್ತಿರುವ ಹಾಗೆ ಕೇಳಿಸುತ್ತದೆ.